ಆಡೋರು ಅವರು, ಎದೆ ಡವಡವ ನಮ್ಮದು

"ಅವರು ಗೆದ್ದರೆ ನಿನಗೇನು ಬಂತು? ಸೋತರೆ ನಮ್ಮನೆಯಿಂದ ಏನು ಹೋಯ್ತು?"

ಮ್ಯಾಚ್ ನೋಡುವವರೆಲ್ಲ ಈ ಮಾತು ಒಂದಲ್ಲ ಒಂದು ಸಲ ಕೇಳಿರುತ್ತಾರೆ. ನಮ್ಮ ಮನೆಯಲ್ಲಿ ಅಮ್ಮ ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆಯೇ. ಆಡುವವರಿಗೆ ನಾವು ಯಾರು ಅಂತಲೂ ಗೊತ್ತಿರುವುದಿಲ್ಲ. ಆದರೂ ಅವರು ಔಟಾದರೆ ನಮಗೆ ಊಟ ಸೇರುವುದಿಲ್ಲ. ಯಾಕೆ ಹೀಗೆ ಅಂತ ನನಗೆ ಸ್ವಲ್ಪ ಅರ್ಥವಾಗಿದ್ದು 2010ರ ಸಂಕ್ರಾಂತಿಯ ದಿನ, ಮೈಸೂರಿನಲ್ಲಿ.

ನಾನಾಗ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದುತ್ತಿದ್ದೆ. ರಾಜ್ಯ ತಂಡಗಳು ಆಡುವ ಕ್ರಿಕೆಟ್ ಟೂರ್ನಿ ರಣಜಿಯ ಫೈನಲ್ ನಮ್ಮ ಕ್ಯಾಂಪಸ್ಸಿನ ಗಂಗೋತ್ರಿ ಗ್ಲೇಡ್ಸ್ ಮೈದಾನಕ್ಕೇ ಬಂತು. ಕರ್ನಾಟಕ, ಮುಂಬೈ. ಗಂಗೋತ್ರಿ ಗ್ಲೇಡ್ಸ್ ಅಂದರೆ ದೊಡ್ಡ ಸ್ಟೇಡಿಯಂ ಅಲ್ಲ, ಸುತ್ತ ಮರಗಳಿರುವ ಹಸಿರು ಮೈದಾನ. ಬೌಂಡರಿ ಹಗ್ಗದ ಹತ್ತಿರ ಕೂತರೆ ಫೀಲ್ಡರ್ ಬೆನ್ನ ಮೇಲಿನ ಬೆವರು ಕಾಣುತ್ತದೆ, ಅವರು ಒಬ್ಬರಿಗೊಬ್ಬರು ಕೂಗುವುದು ಕೇಳಿಸುತ್ತದೆ. ಸಾಮಾನ್ಯವಾಗಿ ರಣಜಿ ಮ್ಯಾಚಿಗೆ ಜನ ಬರಲ್ಲ ಅಂತಾರೆ. ಆ ಸಲ ಮೈದಾನದಲ್ಲಿ ಜಾಗ ಸಾಲದೆ ಹುಡುಗರು ಮರ ಹತ್ತಿ ಕೂತಿದ್ದರು. ಸ್ಟಾರ್ ಆಟಗಾರರನ್ನು ನೋಡಲು ಬಂದಿದ್ದರು ಅಂತಲೂ ಹೇಳುವ ಹಾಗಿಲ್ಲ. ದ್ರಾವಿಡ್, ಸಚಿನ್ ಇಬ್ಬರೂ ಬಾಂಗ್ಲಾದೇಶದ ಟೆಸ್ಟ್ ಸರಣಿ ಅಂತ ಇಲ್ಲಿ ಆಡಲಿಲ್ಲ.

ನಮ್ಮ ತಂಡದಲ್ಲಿ ಬಹುಪಾಲು ಹುಡುಗರೇ. ಮನೀಶ್ ಪಾಂಡೆಗೆ 20 ವರ್ಷ, ನನಗಿಂತ ಚಿಕ್ಕವನು. ಅಭಿಮನ್ಯು ಮಿಥುನ್‌ಗೂ ಅಷ್ಟೇ. ಮೊದಲು ಡಿಸ್ಕಸ್ ಎಸೆಯುತ್ತಿದ್ದ ಹುಡುಗ, ಅದು ಅವನ ಮೊದಲ ರಣಜಿ ಸೀಸನ್. ಮೊದಲ ಮ್ಯಾಚಿನಲ್ಲೇ ಹ್ಯಾಟ್ರಿಕ್ ತೆಗೆದಿದ್ದ.

ಮುಂಬೈ ಮೊದಲು 233 ಹೊಡೆಯಿತು. ನಾವು 130ಕ್ಕೆ ಕುಸಿದೆವು. ಆಟ ಮುಗಿಯಿತು ಅಂತ ಹಾಸ್ಟೆಲಿನಲ್ಲಿ ಮಾತಾಡಿಕೊಂಡೆವು. ಆಮೇಲೆ ಮುಂಬೈನ ಎರಡನೇ ಇನಿಂಗ್ಸಿನಲ್ಲಿ ಮಿಥುನ್ ಬೌಲಿಂಗಿಗೆ ಇಳಿದ. ಮುಂಬೈನವರ ದೊಡ್ಡ ಬ್ಯಾಟ್ಸ್‌ಮನ್‌ಗಳು ಒಬ್ಬೊಬ್ಬರಾಗಿ ವಾಪಸ್ ಹೋದರು. ಆದರೆ ಅವರ ಬೌಲರ್ ಧವಳ್ ಕುಲಕರ್ಣಿ ನಿಂತು 87 ರನ್ ಹೊಡೆದುಬಿಟ್ಟರು. ಆ 87 ಇಲ್ಲದಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ಕೊನೆಗೆ ಅವರದು 234. ನಮಗೆ ಗೆಲ್ಲಲು 338 ಬೇಕಿತ್ತು. ಆ ಪಂದ್ಯದಲ್ಲಿ ಅಲ್ಲಿಯವರೆಗೆ ಯಾವ ತಂಡವೂ ಮುನ್ನೂರರ ಹತ್ತಿರ ಸುಳಿದಿರಲಿಲ್ಲ.

ನಾಲ್ಕನೇ ದಿನ, ಜನವರಿ 14. ಪಾಂಡೆ ಮತ್ತು ಗಣೇಶ್ ಸತೀಶ್ ಜೊತೆಯಾಗಿ ಆಡುತ್ತಿದ್ದರು. ನನ್ನ ಪಕ್ಕ ಒಬ್ಬರು ವಯಸ್ಸಾದವರು ಕೂತಿದ್ದರು. ಬಿಳಿ ಅಂಗಿ, ಕೈಯಲ್ಲಿ ಬಟ್ಟೆ ಚೀಲ. ಚೀಲದಲ್ಲಿ ಎಳ್ಳು-ಬೆಲ್ಲದ ಪೊಟ್ಟಣಗಳು. ಮನೆಯವರು ನೆಂಟರ ಮನೆಗಳಿಗೆ ಬೀರಿ ಬನ್ನಿ ಅಂತ ಕಳಿಸಿದ್ದರಂತೆ, ಇವರು ಸೀದಾ ಇಲ್ಲಿಗೆ ಬಂದಿದ್ದರು. ಪರಿಚಯ ಇಲ್ಲ, ಏನಿಲ್ಲ, ನಮ್ಮೆಲ್ಲರ ಕೈಗೂ ಒಂದೊಂದು ಪೊಟ್ಟಣ ಕೊಟ್ಟರು.

"ತಗೊಳಪ್ಪಾ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ. ಔಟಾಗ್ತಾನೆ ಅಂತ ಮಾತ್ರ ಯಾರೂ ಅನ್ಬೇಡಿ."

ಅವರೇ 1974ರ ಕತೆ ಹೇಳಿದ್ದು. ಬಾಂಬೆ ಸತತ 15 ವರ್ಷ ರಣಜಿ ಗೆದ್ದ ಕಾಲ ಅದು. ನಮ್ಮ ತಂಡದ ಹೆಸರು ಆಗಷ್ಟೇ ಮೈಸೂರು ಹೋಗಿ ಕರ್ನಾಟಕ ಆಗಿತ್ತು. ಬೆಂಗಳೂರಿನಲ್ಲಿ ಸೆಮಿಫೈನಲ್, ಅದೇ ಬಾಂಬೆಯ ಮೇಲೆ. ವಿಶ್ವನಾಥ್ ಸೆಂಚುರಿ, ಬ್ರಿಜೇಶ್ ಪಟೇಲ್ ಸೆಂಚುರಿ. ಪ್ರಸನ್ನ ಗವಾಸ್ಕರ್‌ನ ಬೌಲ್ಡ್ ಮಾಡಿದ ಬಾಲ್ ಹೇಗೆ ತಿರುಗಿತು ಅಂತ ಕೈಯಲ್ಲೇ ತೋರಿಸಿದರು. ಅವರು ಅವತ್ತು ಮೈದಾನದಲ್ಲಿ ಇರಲಿಲ್ಲ. ಕೇಳಿದ್ದು ರೇಡಿಯೋದಲ್ಲಿ. ಆದರೂ ಆ ಬಾಲ್ ಎಲ್ಲಿ ಬಿತ್ತು, ಎಲ್ಲಿಗೆ ಹೋಯಿತು ಎಲ್ಲ ಅವರ ಕಣ್ಣ ಮುಂದೆ ಇತ್ತು. ಆ ವರ್ಷ ಬಾಂಬೆಯನ್ನು ಹೊರಗಟ್ಟಿ, ಫೈನಲಿನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಕಪ್ ತಂದರು. ಹೊಸ ಹೆಸರಿನ ರಾಜ್ಯಕ್ಕೆ ಮೊದಲ ರಣಜಿ ಕಪ್.

ಆ ಕತೆ ಕೇಳಿದ ಮೇಲೆ ನನಗೆ ಮೈದಾನವೇ ಬೇರೆ ಥರ ಕಂಡಿತು. ಅಲ್ಲಿಯವರೆಗೆ ಹನ್ನೊಂದು ಜನ ಫೀಲ್ಡಿಂಗ್ ಮಾಡ್ತಿದ್ದಾರೆ, ಇಬ್ಬರು ಹೊಡೀತಿದ್ದಾರೆ ಅಷ್ಟೇ. ಈಗ ನಾನೂ ಮೂವತ್ತಾರು ವರ್ಷ ಹಳೆಯ ಒಂದು ಜಗಳದ ಮಧ್ಯೆ ಕೂತಿದ್ದೆ. ನಾನು ಹುಟ್ಟುವುದಕ್ಕೂ ಮೊದಲೇ ಶುರುವಾದ ಜಗಳ. ಆಟದ ಮೇಲಿನ ಪ್ರೀತಿ ಹೆಚ್ಚಿನವರಿಗೆ ಬರುವುದು ಹೀಗೇ ಅಂತ ನನಗನ್ನಿಸುತ್ತದೆ. ಅಪ್ಪನಿಂದಲೋ, ಚಿಕ್ಕಪ್ಪನಿಂದಲೋ, ಪಕ್ಕದಲ್ಲಿ ಕೂತ ಯಾರಿಂದಲೋ. ನಿಯಮ ಕಲಿತು ಯಾರೂ ಅಭಿಮಾನಿ ಆಗುವುದಿಲ್ಲ.

ಪಾಂಡೆ, ಸತೀಶ್ ಜೊತೆಯಾಟ ಇನ್ನೂರು ದಾಟಿತು. ಪಾಂಡೆಯ ಸೆಂಚುರಿ ಆಯಿತು. ಹಿಂದಿನ ವರ್ಷ ಐಪಿಎಲ್‌ನಲ್ಲಿ ಸೆಂಚುರಿ ಹೊಡೆದ ಮೊದಲ ಭಾರತೀಯ ಅವನೇ. ಆದರೆ ಆ ಇನಿಂಗ್ಸ್ ಟಿವಿಯಲ್ಲಿ ನೋಡಿದ್ದೆ, ಇದನ್ನು ಹತ್ತಿರದಿಂದ ನೋಡುತ್ತಿದ್ದೆ. ಪ್ರತಿ ರನ್ನಿಗೂ ಇಡೀ ಮೈದಾನ ಲೆಕ್ಕ ಹಾಕುತ್ತಿತ್ತು. ಆ ಯಜಮಾನರು ಒಂದು ಕಟ್ಟಪ್ಪಣೆ ಮಾಡಿದ್ದರು: ಯಾರೂ ಜಾಗ ಬಿಟ್ಟು ಏಳಬಾರದು. ನನ್ನ ರೂಮ್‌ಮೇಟಿಗೆ ಬಾತ್‌ರೂಮಿಗೆ ಹೋಗಬೇಕಿತ್ತು. "ಸರ್, ಐದೇ ನಿಮಿಷ" ಅಂದ. "ವಿಕೆಟ್ ಬಿದ್ರೆ ನೀನು ಜವಾಬ್ದಾರಿ ತಗೋತೀಯೇನಪ್ಪಾ?" ಅಂದರು. ನಗುತ್ತಾ ಹೇಳಿದ್ದಲ್ಲ. ಅವನೂ ಕೂತುಬಿಟ್ಟ. ಎರಡು ಕಾಲೂ ಒಂದಕ್ಕೊಂದು ಬಿಗಿ ಹಿಡಿದು, ಪ್ಯಾಂಟಿನ ಮಂಡಿ ಹಿಂಡುತ್ತಾ, ಬಾಲಿಂದ ಬಾಲಿಗೆ ತಡೆದುಕೊಂಡು ಕೂತ.

ಇದನ್ನು ಮೂಢನಂಬಿಕೆ ಅಂತ ಹೇಳುವುದು ಸುಲಭ. ನಾನು ಹಾಗೆ ಹೇಳಲಾರೆ. ನಮಗೆ ಬೇಕಾದ್ದೊಂದು ಕಣ್ಣೆದುರೇ ನಡೀತಿದೆ. ಅದಕ್ಕೆ ನಾವು ಮಾಡಬಹುದಾದ್ದು ಏನೂ ಇಲ್ಲ. ಬ್ಯಾಟ್ ಹಿಡಿಯುವ ಹಾಗಿಲ್ಲ, ಸಲಹೆ ಕೊಡುವ ಹಾಗಿಲ್ಲ. ಆಗ ಮೈಗೆ ಏನಾದರೂ ಒಂದು ಕೆಲಸ ಬೇಕು. ಅಲ್ಲಾಡದೆ ಕೂರುವುದೇ ನಮ್ಮ ಪಾಲಿನ ಕೆಲಸ. ಆಪರೇಷನ್ ಥಿಯೇಟರ್ ಹೊರಗೆ ಕಾಯುವವರ ಹಾಗೆ, ಕೈ ಕಟ್ಟಿ ಕೂತವರಿಗೇ ಆತಂಕ ಜಾಸ್ತಿ. ಆಡುವವನಿಗೆ ಮುಂದಿನ ಬಾಲ್ ಇರುತ್ತದೆ. ನಮಗೆ ಬರೀ ಕಾಯುವುದು.

144ಕ್ಕೆ ಪಾಂಡೆ ಔಟಾದ. ಮರದ ಮೇಲಿದ್ದವರೂ ಸುಮ್ಮನಾದರು. ನನ್ನ ರೂಮ್‌ಮೇಟ್ ಕೂತ ಜಾಗದಿಂದ ಅಲ್ಲಾಡಿರಲಿಲ್ಲ, ಆದರೂ ಔಟಾಯಿತಲ್ಲ ಅಂತ ಯಜಮಾನರ ಮುಖ ನೋಡಿದ. ಅವರು ಅವನ ಬೆನ್ನು ತಟ್ಟಿ "ಈಗ ಹೋಗಿ ಬಾ" ಅಂದರು.

ಸತೀಶ್ 75. ಆಮೇಲೆ ಮುಂಬೈನ ಅಗರ್ಕರ್. ಭಾರತಕ್ಕೆ ಎಷ್ಟೋ ವರ್ಷ ಆಡಿದ ಬೌಲರ್, ಅವತ್ತು ತನ್ನ ಅನುಭವವನ್ನೆಲ್ಲ ನಮ್ಮ ಹುಡುಗರ ಮೇಲೆ ತೋರಿಸಿದರು. 5 ವಿಕೆಟ್. ಗೆಲ್ಲುವ ಮ್ಯಾಚ್ ಕೈಜಾರುತ್ತಿತ್ತು. ನಾವು ಕೂತಲ್ಲಿಂದ ಟೆಂಟಿನ ಕಡೆ ಕಾಣುತ್ತಿತ್ತು. ಪ್ಯಾಡ್ ಕಟ್ಟಿಕೊಂಡ ಆಟಗಾರನೊಬ್ಬ ಗ್ಲೌಸಿನ ಪಟ್ಟಿ ಬಿಚ್ಚುತ್ತಿದ್ದ, ಹಾಕುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ. ಅವನನ್ನು ನೋಡಿದ ಮೇಲೆ ನನಗೆ ಕಪ್ಪಿನ ಯೋಚನೆ ಹಿಂದೆ ಸರಿಯಿತು. ಈ ಹುಡುಗನಿಗೆ ಬೇಜಾರಾಗಬಾರದು, ಅಷ್ಟೇ ಬೇಕಿತ್ತು. ಎಷ್ಟೋ ಸಲ ನಾವು ತಂಡ ಗೆಲ್ಲಲಿ ಅಂತ ಬೇಡಿಕೊಳ್ಳುವುದು ಒಂದು ಮುಖ ಬಾಡಬಾರದು ಅಂತಲೇ ಅಲ್ವಾ?

ಒಂದೊಂದು ರನ್ನಾಗಿ ಹತ್ತಿರ ಹೋದೆವು. 331ಕ್ಕೆ ಕೊನೆಯ ವಿಕೆಟ್ ಬಿತ್ತು. 6 ರನ್ನಿನ ಸೋಲು. ಮುಂಬೈಗೆ 39ನೇ ಕಪ್.

ಯಜಮಾನರು ನನ್ನ ಮುಂಗೈ ಹಿಡಿದಿದ್ದರು. ಯಾವಾಗಿನಿಂದ ಹಿಡಿದಿದ್ದರೋ, ಇಬ್ಬರಿಗೂ ಗೊತ್ತಿರಲಿಲ್ಲ. ಬಿಟ್ಟಾಗ ಬೆರಳಿನ ಗುರುತು ಕೆಂಪಗೆ ಕಂಡಿತು. "ಏಳ್ರಪ್ಪಾ, ಚಪ್ಪಾಳೆ ಹೊಡೀರಿ. ಇನ್ನೂ ಹುಡುಗರು, ನಮ್ಮನ್ನ ನೋಡ್ತಿರ್ತಾರೆ" ಅಂದರು. ನಮ್ಮ ಸಾಲಿನವರೆಲ್ಲ ಎದ್ದು ನಿಂತೆವು.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಜೊತೆಗಾರರು 1976ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಶನಿವಾರ ಗೆದ್ದರೆ, ಸೋಮವಾರ ಕ್ಲಾಸಿಗೆ ಆ ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆ ಹಾಕಿ ಬರುವ ವಿದ್ಯಾರ್ಥಿಗಳು ಜಾಸ್ತಿ ಆಗುತ್ತಿದ್ದರು. ಬೇರೆಯವರ ಗೆಲುವಿನ ಬೆಳಕಿನಲ್ಲಿ ನಾವೂ ನಿಲ್ಲುತ್ತೇವೆ ಅನ್ನುವುದು ಅವರ ಮಾತು. ನಿಜವೇ ಇರಬೇಕು. ಆದರೆ ಗಂಗೋತ್ರಿಯಲ್ಲಿ ನಾನು ಕಂಡದ್ದಕ್ಕೆ ಅದಷ್ಟೇ ಸಾಲದು. ಅವತ್ತು ಹಂಚಿಕೊಳ್ಳಲು ಗೆಲುವೇ ಇರಲಿಲ್ಲ. ಆದರೂ ಜನ ಬೇಗ ಮನೆಗೆ ಹೋಗಲಿಲ್ಲ. ಗುಂಪು ಗುಂಪಾಗಿ ನಿಂತು ಆ ಒಂದು ಶಾಟ್, ಈ ಒಂದು ಬಾಲ್ ಅಂತ ಕತ್ತಲಾಗುವವರೆಗೆ ಮಾತಾಡಿದರು. ಗೆಲುವಿನ ಪಾಲು ಕೇಳುವುದು ಸುಲಭ. ಸೋಲಿನ ಪಾಲು ತೆಗೆದುಕೊಂಡವರಿಗೇ ತಂಡ ತಮ್ಮದಾಗುವುದು.

2014ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಕರ್ನಾಟಕ ಕಪ್ ಗೆದ್ದಿತು. 1998-99ರ ನಂತರ ಮೊದಲ ಸಲ. ಖುಷಿಪಟ್ಟೆ. ಆದರೆ ನಾನು ಕಾಯುತ್ತಿದ್ದದ್ದು ಮುಂದಿನ ವರ್ಷ ಬಂತು. ಬೆಂಗಳೂರಿನ ಸೆಮಿಫೈನಲಿನಲ್ಲಿ ಮತ್ತೆ ಮುಂಬೈ ಎದುರಾಯಿತು. ವಿನಯ್ ಕುಮಾರ್ 6 ವಿಕೆಟ್ ತೆಗೆದರು. ಮುಂಬೈ ಮೊದಲ ಇನಿಂಗ್ಸಿನಲ್ಲಿ 44ಕ್ಕೆ ಆಲೌಟ್!

ಆಗ ಕೆಲಸಕ್ಕೆ ಸೇರಿದ್ದೆ. ಪಕ್ಕದ ಸೀಟಿನ ಗೆಳೆಯನಿಗೆ ಕ್ರಿಕೆಟ್ ಅಂದರೆ ಆಗದು. ನನ್ನ ಮುಖ ನೋಡಿ "ಏನ್ ಸಾರ್, ಪ್ರಮೋಷನ್ನಾ?" ಅಂದ. ಊಟಕ್ಕೆ ಕೂತಾಗ ಅವನಿಗೆ ಎಲ್ಲ ಹೇಳಿದೆ. ಗಂಗೋತ್ರಿ, ಮರದ ಮೇಲಿನ ಹುಡುಗರು, 6 ರನ್, ಪ್ರಸನ್ನನ ಬಾಲ್. ಆ ಬಾಲ್ ನಾನು ನೋಡಿಲ್ಲ, ರೇಡಿಯೋದಲ್ಲಿ ಕೇಳಿದವರಿಂದ ಕೇಳಿದ್ದು. ಆದರೂ ಕೈಯಲ್ಲಿ ತಿರುಗಿಸಿ ತೋರಿಸಿದೆ. ಅವನ ಅನ್ನ-ಸಾರು ತಟ್ಟೆಯಲ್ಲೇ ಆರಿತು.

112 ರನ್ನಿನಿಂದ ಆ ಸೆಮಿಫೈನಲ್ ಗೆದ್ದೆವು. ಫೈನಲ್ ಮುಂಬೈಯ ವಾಂಖೆಡೆಯಲ್ಲಿ, ತಮಿಳುನಾಡಿನ ಮೇಲೆ. ನಮ್ಮ ಕರುಣ್ ನಾಯರ್ 328 ಹೊಡೆದ ಮ್ಯಾಚ್ ಅದು. ತ್ರಿಶತಕ ಆದಾಗ ನಾನು ಮೀಟಿಂಗಿನಲ್ಲಿದ್ದೆ, ಫೋನ್ ನೋಡಿರಲಿಲ್ಲ. ಆ ಗೆಳೆಯ ಬಾಗಿಲ ಗಾಜಿನಾಚೆ ಬಂದು ನಿಂತು, ಮೂರು ಬೆರಳು ಎತ್ತಿ ತೋರಿಸಿದ.