ಡಾಂಬರು ಮುಗಿದ ಮೇಲಿನ ಮೂರು ಕಿಲೋಮೀಟರು

ಮನೆ ಉಡುಪಿಯಲ್ಲಿ, ಉದ್ಯೋಗ ಮಣಿಪಾಲದಲ್ಲಿ, ಹಿರಿಯರಿಂದ ಬಂದ ಒಂದಿಷ್ಟು ಅಡಿಕೆ ತೋಟ ಹೆಬ್ರಿಯಿಂದ ಒಳಗೆ. ಈ ಮೂರಕ್ಕೂ ಒದಗುವ ಒಂದೇ ಬೈಕ್ ಬೇಕಾಗಿತ್ತು. ವಾರದ ದಿನಗಳಲ್ಲಿ ಅದು ಮಣಿಪಾಲದ ಏರು ಹತ್ತಬೇಕು, ಕೆಲಸದ ಮೇಲೆ ಹೆದ್ದಾರಿ 66ರಲ್ಲಿ ಮಂಗಳೂರಿಗೆ ಹೋಗಿ ಬರಬೇಕು. ಭಾನುವಾರ ಬಂತೆಂದರೆ ಎಪ್ಪತ್ತು ದಾಟಿದ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಪರ್ಕಳ, ಪೆರ್ಡೂರು ದಾಟಿ ಹೆಬ್ರಿ ಸೇರಿ, ಅಲ್ಲಿಂದ ಪಂಚಾಯತ್ ರಸ್ತೆ ಹಿಡಿದು, ಡಾಂಬರು ಮುಗಿದ ಮೇಲಿನ ಮೂರು ಕಿಲೋಮೀಟರು ಮಣ್ಣಿನ ದಾರಿಯಲ್ಲಿ ತೋಟ ಮುಟ್ಟಬೇಕು. ದೂರದ ಲೆಕ್ಕದಲ್ಲಿ ಆ ಮೂರು ಕಿಲೋಮೀಟರು ಏನೂ ಅಲ್ಲ. ಆದರೆ ಬೈಕಿನ ಆಯ್ಕೆಯನ್ನು ಅದೇ ನಿರ್ಧರಿಸಬೇಕು ಎಂಬುದು ನನಗೆ ಮೊದಲಿನಿಂದಲೂ ಇದ್ದ ಅಭಿಪ್ರಾಯ. 2024ರ ಅಕ್ಟೋಬರಿನ ಒಂದು ಭಾನುವಾರ ಅದನ್ನು ಒರೆಗೆ ಹಚ್ಚಿ ನೋಡುವ ಅವಕಾಶ ಸಿಕ್ಕಿತು.

ಕರಾವಳಿಯ ಮಣ್ಣುದಾರಿ ಎಂದರೆ ಬಯಲುಸೀಮೆಯ ಮಣ್ಣುದಾರಿಯಲ್ಲ. ನಮ್ಮದು ಮುರಕಲ್ಲಿನ ನೆಲ. ಬೇಸಿಗೆಯಲ್ಲಿ ಅದರ ಮೇಲ್ಪದರ ಸವೆದು ಚರಳಾಗಿ, ಚಕ್ರದ ಅಡಿಯಲ್ಲಿ ರಾಗಿ ಕಾಳಿನಂತೆ ಉರುಳುತ್ತದೆ. ಮಳೆಗಾಲ ಹಿಡಿದ ಮೇಲೆ ಅದೇ ಕಲ್ಲಿನ ಮೇಲೆ ಹಸಿರು ಪಾಚಿ ಕಟ್ಟಿ, ಬರಿಗಾಲಿನಲ್ಲಿ ನಡೆಯುವವರೂ ಬೆರಳೂರಿ ಹೆಜ್ಜೆ ಇಡಬೇಕಾಗುತ್ತದೆ. ತೋಟಕ್ಕೆ ಹೋಗುವ ದಾರಿಯ ನಡುವೆ ಒಂದು ಕಡಿದಾದ ಏರಿದೆ. ಆ ಏರಿನ ಅರ್ಧದಲ್ಲಿ ಮಳೆನೀರು ಅಡ್ಡಲಾಗಿ ಕೊರೆದ ಒಂದು ಕಣಿ ಇದೆ. ಅದನ್ನು ದಾಟಿ ಇಳಿದರೆ ತೋಡಿನ ಬದಿಯ ದಾರಿ, ಅದರ ಒಂದು ಮಗ್ಗುಲಿಗೆ ಬೇಲಿ, ಇನ್ನೊಂದು ಮಗ್ಗುಲಿಗೆ ನೀರು. ಎದುರಿಂದ ಅಡಿಕೆ ಮೂಟೆ ಹೊತ್ತ ಜೀಪು ಬಂದರೆ ಬೈಕಿನವರೇ ನಿಲ್ಲಬೇಕು, ಕೆಲವೊಮ್ಮೆ ಹಿಂದಕ್ಕೂ ತಳ್ಳಬೇಕು.

ಈ ದಾರಿಯಲ್ಲಿ ತೋಟದ ಕೆಲಸಕ್ಕೆ ಬರುವವರು ನೂರು ಸಿಸಿಯ ಸಾಧಾರಣ ಬೈಕುಗಳಲ್ಲೇ ವರ್ಷವಿಡೀ ಓಡಾಡುತ್ತಾರೆ ಎಂಬುದನ್ನು ಅಡ್ವೆಂಚರ್ ಬೈಕಿನ (ಡಾಂಬರಿಗೂ ಒರಟು ದಾರಿಗೂ ಆಗುವ ಎತ್ತರದ ಬೈಕಿನ) ಮಾತೆತ್ತುವವರು ಮರೆಯಬಾರದು. ಆ ಬೈಕುಗಳ ತಳ ಕಲ್ಲಿಗೆ ತಾಗುತ್ತದೆ, ಶಾಕ್ ಅಬ್ಸಾರ್ಬರ್ ಗುಂಡಿಗಳಲ್ಲಿ ತಳ ಮುಟ್ಟುತ್ತದೆ, ಕಣಿ ದಾಟುವಾಗ ಹ್ಯಾಂಡಲು ಕೈಯಿಂದ ಕಿತ್ತುಕೊಳ್ಳುತ್ತದೆ. ಆದರೂ ಅವರು ನಿರಾತಂಕವಾಗಿ ಹೋಗುತ್ತಾರೆ. ಏಕೆಂದರೆ ಬೈಕಿನ ತೂಕ 110 ಕಿಲೋದ ಆಸುಪಾಸು, ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರುತ್ತವೆ. ನನಗೆ ಬೇಕಾಗಿದ್ದುದು ಈ ಎರಡು ಗುಣಗಳನ್ನು ಆದಷ್ಟು ಉಳಿಸಿಕೊಂಡು, ಅವರ ಬೈಕಿಗಿರುವ ಕೊರತೆಯನ್ನು ನೀಗುವ ಒಂದು ವಾಹನ.

ಆಯ್ಕೆಗಳು ಹೆಚ್ಚೇನೂ ಇರಲಿಲ್ಲ. 2011ರಲ್ಲಿ ಹೀರೋ ಕಂಪನಿ ಇಂಪಲ್ಸ್ ತಂದಾಗ ಇಂತಹ ಬೈಕನ್ನು ಕೇಳುವವರು ಕಡಿಮೆ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂದ ಮೇಲೆ, 2019ರಲ್ಲಿ ಹೀರೋದ್ದೇ ಎಕ್ಸ್‌ಪಲ್ಸ್ 200 ಬಂದ ಮೇಲೆ ನಮ್ಮಂಥವರ ಕೈಗೆಟಕುವ ಬೆಲೆಯಲ್ಲಿ ಈ ವರ್ಗ ನೆಲೆಯೂರಿತು. ಕೆಟಿಎಂ 390 ಅಡ್ವೆಂಚರನ್ನು ನಾನು ಶೋರೂಮಿನಲ್ಲೇ ಕೈಬಿಟ್ಟಿದ್ದೆ. ಆಗಿನ ಮಾದರಿಯ ಸೀಟಿನ ಎತ್ತರ 855 ಮಿಲಿಮೀಟರ್, ನನ್ನ ಎತ್ತರ ಐದು ಅಡಿ ಐದು ಅಂಗುಲ. ಉಳಿದವು ಮೂರು. ಮಂಗಳೂರಿನಲ್ಲಿರುವ ಭಾವನ ಬಳಿ ಹಿಮಾಲಯನ್ 450 ಇತ್ತು, ಚಿಕ್ಕಪ್ಪನ ಮಗನ ಬಳಿ ಎಕ್ಸ್‌ಪಲ್ಸ್ 200 4ವಿ ಇತ್ತು, ಸಹೋದ್ಯೋಗಿಯೊಬ್ಬರು ತಮ್ಮ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಅನ್ನು ಒಂದು ದಿನದ ಮಟ್ಟಿಗೆ ಕೊಟ್ಟರು. ಭಾವ, ಚಿಕ್ಕಪ್ಪನ ಮಗ, ನಾನು ಮೂವರೂ ಬೈಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತ ಮೊದಲು ಆಗುಂಬೆಯವರೆಗೆ ಹೋಗುವುದು, ಇಳಿದು ಬಂದು ತೋಟಕ್ಕೆ ತಿರುಗುವುದು ಎಂದು ನಿಶ್ಚಯವಾಯಿತು. ಅಪ್ಪ ಹಿಂದಿನ ಸಂಜೆಯೇ ಬಸ್ಸಿನಲ್ಲಿ ಹೋಗಿ ತೋಟದ ಮನೆಯಲ್ಲಿ ಉಳಿದಿದ್ದರು.

ಡಾಂಬರಿನ ಮೇಲೆ ಹಿಮಾಲಯನ್‌ಗೆ ಸಾಟಿ ಇರಲಿಲ್ಲ, ಇದನ್ನು ಮನಸಾರೆ ಹೇಳಬೇಕು. 452 ಸಿಸಿಯ ಎಂಜಿನ್, 40 ಪಿಎಸ್ ಶಕ್ತಿ. ಪೆರ್ಡೂರು ದಾಟಿದ ಮೇಲಿನ ಉದ್ದನೆಯ ದಾರಿಯಲ್ಲಿ ಲಾರಿಯೊಂದನ್ನು ಹಿಂದೆ ಹಾಕುವುದು ಕ್ಷಣದ ಕೆಲಸ. ಸೋಮೇಶ್ವರ ಕಳೆದು ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಅದು ಎಲ್ಲಿಯೂ ಏದುಸಿರು ಬಿಡಲಿಲ್ಲ. ವಿ-ಸ್ಟ್ರಾಮ್ 26.5 ಪಿಎಸ್‌ನದಾದರೂ ಅದರ ನಯ ಬೇರೆಯದೇ. ಮುಂದಿನ ಚಕ್ರ 19 ಅಂಗುಲದ್ದಾದ್ದರಿಂದ ತಿರುವಿಗೆ ಬಾಗುವಾಗ ಮಿಕ್ಕ ಎರಡಕ್ಕಿಂತ ಚುರುಕು. ಎಕ್ಸ್‌ಪಲ್ಸ್‌ನ ಶಕ್ತಿ ಸುಮಾರು 19 ಪಿಎಸ್ ಮಾತ್ರ. ಎಂಬತ್ತರ ವೇಗ ದಾಟಿದರೆ ಫುಟ್‌ರೆಸ್ಟಿನಲ್ಲಿ ಕಂಪನ ಕಾಣಿಸಿಕೊಳ್ಳುತ್ತದೆ, ಘಾಟಿಯ ತಿರುವುಗಳಲ್ಲಿ ಎರಡನೆಯ ಗೇರಿಗೆ ಇಳಿಯಲೇಬೇಕು. ದಿನವೂ ಮಂಗಳೂರಿಗೆ ಹೋಗಿ ಬರುವವರು ಇದನ್ನು ತೆಗೆದುಕೊಳ್ಳಬಾರದು ಎಂದು ನನಗೆ ಅಲ್ಲೇ ಸ್ಪಷ್ಟವಾಯಿತು. ಆಗುಂಬೆಯಲ್ಲಿ ಚಹಾ ಕುಡಿಯುವಾಗ ಭಾವ, "ಇನ್ನು ನೋಡಲು ಏನು ಉಳಿದಿದೆ, ಹೇಳು?" ಎಂದರು. ತೋಟದ ದಾರಿ ಉಳಿದಿದೆ ಎಂದೆ.

ಮಳೆ ನಿಂತು ಕೆಲವೇ ದಿನವಾಗಿತ್ತು. ಏರಿನ ಮೇಲ್ಭಾಗ ಒಣಗಿ ಚರಳಾಗಿದ್ದರೂ ಮರದ ನೆರಳಿರುವ ಕೆಳಭಾಗದಲ್ಲಿ ಪಾಚಿ ಹಾಗೆಯೇ ಇತ್ತು. ವೇಗವಾಗಿ ಹತ್ತಿಸಿ ನೋಡುವುದರಲ್ಲಿ ಅರ್ಥವಿಲ್ಲ, ಆ ಪರೀಕ್ಷೆಯಲ್ಲಿ ಮೂರೂ ಗೆಲ್ಲುತ್ತವೆ. ಕಣಿಗೆ ಒಂದು ಗಾಲಿಯಷ್ಟು ಹಿಂದೆ, ಇಳಿಜಾರಿನ ನಡುವೆ ಪೂರ್ತಿ ನಿಲ್ಲಿಸಿ, ಮತ್ತೆ ಹೊರಡಬೇಕು ಎಂದು ನಾವು ಒಪ್ಪಿಕೊಂಡೆವು. ಜೀಪು ಎದುರಾದಾಗ ಆಗುವುದು ಅದೇ.

ಹಿಮಾಲಯನ್‌ನ ಸೀಟಿನ ಎತ್ತರ 825 ಮಿಲಿಮೀಟರ್, ಎಕ್ಸ್‌ಪಲ್ಸ್‌ನದೂ 825. ಕಾಗದದ ಮೇಲೆ ಎರಡೂ ಒಂದೇ. ಆದರೆ ಹಿಮಾಲಯನ್‌ನ ಸೀಟು ಮತ್ತು 17 ಲೀಟರಿನ ಟ್ಯಾಂಕು ಅಗಲವಾಗಿ ತೊಡೆಗಳನ್ನು ಹೊರಕ್ಕೆ ಸರಿಸುವುದರಿಂದ ನನ್ನ ಕಾಲ್ಬೆರಳುಗಳು ಮಾತ್ರ ನೆಲ ಮುಟ್ಟಿದವು. ಎಕ್ಸ್‌ಪಲ್ಸ್‌ನ ನಡು ಸಪೂರ, ಟ್ಯಾಂಕು 13 ಲೀಟರಿನದು, ಆದ್ದರಿಂದ ಪಾದದ ಮುಂಭಾಗ ಗಟ್ಟಿಯಾಗಿ ಊರಿತು. ಪಾಚಿಯ ಮೇಲೆ ಕಾಲ್ಬೆರಳಿಗೂ ಪಾದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಏರಿನಲ್ಲಿ ನಿಂತಾಗ ಬಲಗಾಲು ಹಿಂದಿನ ಬ್ರೇಕಿನ ಮೇಲಿರಬೇಕು, ಎಡಗಾಲು ಒಂದೇ ಇಡೀ ಭಾರವನ್ನು ಹಿಡಿಯಬೇಕು. ಹಿಮಾಲಯನ್ 196 ಕಿಲೋ. ಅದು ಎಡಕ್ಕೆ ವಾಲಿದ ಕ್ಷಣ, ಇನ್ನೊಂದು ಅಂಗುಲ ವಾಲಿದರೆ ನಾನು ಅದನ್ನು ತಡೆಯಲಾರೆ ಎಂಬುದು ಮೊಣಕಾಲಿಗೆ ತಿಳಿಯಿತು. ಎಕ್ಸ್‌ಪಲ್ಸ್‌ನ ತೂಕ 160 ಕಿಲೋದ ಸನಿಹ. ಅಷ್ಟೇ ವಾಲಿದರೂ ಅದನ್ನು ಕಾಲಿನಿಂದಲೇ ನೆಟ್ಟಗೆ ನಿಲ್ಲಿಸಿದೆ, ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟೆ, 21 ಅಂಗುಲದ ಮುಂದಿನ ಚಕ್ರ ಕಣಿಯ ಅಂಚನ್ನು ಹತ್ತಿ ಆಚೆಗೆ ಇಳಿಯಿತು. ಹೊರಡುವ ಸೆಳೆತ ಹಿಮಾಲಯನ್‌ಗೆ ಬಹಳ ಹೆಚ್ಚು. 40 ನ್ಯೂಟನ್ ಮೀಟರ್ ಎದುರಿಗೆ ಎಕ್ಸ್‌ಪಲ್ಸ್‌ನದು 17.35. ಆದರೆ ನಡೆಯುವ ವೇಗದಲ್ಲಿ ಸೆಳೆತದ ಕೊರತೆಯನ್ನು ಕ್ಲಚ್ಚಿನಿಂದ ತುಂಬಿಕೊಳ್ಳಬಹುದು, ತೂಕವನ್ನು ಯಾವುದರಿಂದಲೂ ಕಡಿಮೆ ಮಾಡಲಾಗದು.

ವಿ-ಸ್ಟ್ರಾಮ್ 167 ಕಿಲೋ ಇದ್ದರೂ ಅಲ್ಲಿ ಸೋತಿದ್ದು ಬೇರೆ ಕಾರಣಕ್ಕೆ, ಅದೂ ಇಳಿಯುವಾಗ. ನಮ್ಮಲ್ಲಿ 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ 2019ರ ಏಪ್ರಿಲಿನಿಂದ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ಬಿಗಿದು ಜಾರದಂತೆ ತಡೆಯುವ ಏರ್ಪಾಡು, ಕಡ್ಡಾಯ. ಡಾಂಬರಿನ ಮೇಲೆ ಅದು ಜೀವ ಉಳಿಸುವ ವ್ಯವಸ್ಥೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಡಿಲ ಚರಳಿನ ಇಳಿಜಾರಿನಲ್ಲಿ ಹಿಂದಿನ ಚಕ್ರ ಸ್ವಲ್ಪ ಬಿಗಿದು ಜಾರಿದರೆ ಮಾತ್ರ ಅದರ ಮುಂದೆ ಚರಳು ಒಟ್ಟಾಗಿ ಬೈಕನ್ನು ತಡೆಯುತ್ತದೆ. ಎಬಿಎಸ್ ಆ ಬಿಗಿತವನ್ನು ಕ್ಷಣಕ್ಷಣಕ್ಕೂ ಬಿಡಿಸುತ್ತದೆ. ಪೆಡಲು ಕಾಲಿನಡಿ ಟಕಟಕ ಎನ್ನುತ್ತಿದ್ದರೂ ಬೈಕು ಮುಂದೆ ಹೋಗುತ್ತಲೇ ಇರುತ್ತದೆ. ಹಿಮಾಲಯನ್‌ನಲ್ಲಿ ಹಿಂದಿನ ಎಬಿಎಸ್ ಅನ್ನು ನಿಲ್ಲಿಸಬಹುದು, ಎಕ್ಸ್‌ಪಲ್ಸ್‌ನಲ್ಲಿ ಅದು ಇರುವುದೇ ಮುಂದಿನ ಚಕ್ರಕ್ಕೆ. ವಿ-ಸ್ಟ್ರಾಮ್‌ನಲ್ಲಿ ನಿಲ್ಲಿಸಲು ಬರುವುದಿಲ್ಲ. ಮೊದಲ ಗೇರಿನಲ್ಲಿ ಎಂಜಿನ್ನಿನ ಹಿಡಿತವನ್ನೇ ನಂಬಿ ಅದನ್ನು ಇಳಿಸಿದೆವು. ಒಳ್ಳೆಯ ರಸ್ತೆ ಹೆಚ್ಚು, ಕೆಟ್ಟ ರಸ್ತೆ ಕಡಿಮೆ ಇರುವವರಿಗೆ ಇವುಗಳಲ್ಲಿ ಅದಕ್ಕಿಂತ ಹಿತವಾದ ಬೈಕು ಇಲ್ಲ ಎಂದು ಈಗಲೂ ನಂಬಿದ್ದೇನೆ.

ತೋಟದ ಮನೆಯ ಅಂಗಳದ ಆಚೆ ಹುಲ್ಲು ಬೆಳೆದ ಜಾಗದಲ್ಲಿ, ಬೈಕುಗಳ ಒಡೆಯರ ಒಪ್ಪಿಗೆ ಪಡೆದು, ಅವುಗಳನ್ನು ಬೇಕೆಂದೇ ಮಲಗಿಸಿ ಒಬ್ಬೊಬ್ಬರಾಗಿ ಎತ್ತಿ ನೋಡಿದೆವು. ಬೈಕು ಕೊಳ್ಳುವವರು ಇದನ್ನು ಖಂಡಿತ ಮಾಡಬೇಕು. ಬೈಕನ್ನು ಗೇರಿನಲ್ಲಿಟ್ಟು, ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಹೊರಗೆಳೆದು, ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂರಬೇಕು; ಒಂದು ಕೈ ಹ್ಯಾಂಡಲಿನ ತುದಿಯಲ್ಲಿ, ಇನ್ನೊಂದು ಹಿಂದಿನ ಚೌಕಟ್ಟಿನಲ್ಲಿ. ಬೆನ್ನು ಬಗ್ಗಿಸದೆ, ತೊಡೆಯ ಬಲದಿಂದ ಹಿಂದಕ್ಕೆ ಸಣ್ಣ ಹೆಜ್ಜೆ ಇಡುತ್ತ ಏಳಬೇಕು. ಎಕ್ಸ್‌ಪಲ್ಸ್ ಹೀಗೆ ಎದ್ದು ನಿಂತಿತು. ಹಿಮಾಲಯನ್ ಅರ್ಧಕ್ಕೆ ಎದ್ದು ನಿಂತಾಗ ಒದ್ದೆ ಹುಲ್ಲಿನಲ್ಲಿ ನನ್ನ ಪಾದ ಜಾರಿತು. ಚಿಕ್ಕಪ್ಪನ ಮಗ ಕೈಕೊಟ್ಟ. ಆರಡಿ ಎತ್ತರದ ಭಾವ ಅದನ್ನು ಒಬ್ಬರೇ ಎತ್ತಿದರು. ಬೈಕು ಕೆಟ್ಟದ್ದಲ್ಲ, ನನ್ನ ಅಳತೆಯದಲ್ಲ ಎಂಬುದು ಅಲ್ಲಿ ಎಲ್ಲರಿಗೂ ಕಾಣುವಂತಿತ್ತು. ಮಳೆಗಾಲದಲ್ಲಿ ಆ ದಾರಿಯಲ್ಲಿ ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆಗಳಿಲ್ಲ.

ಆಮೇಲೆ ಅಪ್ಪನನ್ನು ಕರೆದೆ. ಹಿಂದೆ ಕೂರುವವರು ಹತ್ತುವ ರೀತಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎತ್ತರದ ಬೈಕಿಗೆ ವಯಸ್ಸಾದವರು ಕಾಲನ್ನು ಬೀಸಿ ಹಾಕಲಾರರು. ಎಡಗಾಲನ್ನು ಫುಟ್‌ರೆಸ್ಟಿನ ಮೇಲಿಟ್ಟು, ನಮ್ಮ ಹೆಗಲು ಹಿಡಿದು, ಮೇಲೆದ್ದು ಆಚೆ ಕಾಲು ದಾಟಿಸುತ್ತಾರೆ. ಆ ಹೊತ್ತಿನಲ್ಲಿ ಅವರ ಇಡೀ ತೂಕ ಬೈಕಿನ ಎಡಮಗ್ಗುಲಲ್ಲಿ ತೂಗುತ್ತದೆ. ನಡೆಸುವವನ ಪಾದಗಳು ಗಟ್ಟಿಯಾಗಿ ಊರದಿದ್ದರೆ ಇಬ್ಬರೂ ನೆಲಕ್ಕೆ. ಹಿಮಾಲಯನ್ ಹತ್ತುವಾಗ ಬೈಕು ತುಸು ಓಲಾಡಿದ್ದನ್ನು ಕಂಡು ಅಪ್ಪ ಕಾಲು ಹಿಂದಕ್ಕೆ ತೆಗೆದರು. ಎಕ್ಸ್‌ಪಲ್ಸ್‌ನ ಮೇಲೆ ಕುಳಿತ ಮೇಲೆ, "ಸೀಟು ಅದರಷ್ಟು ಮೆತ್ತಗಿಲ್ಲ. ಆದರೆ ಇದು ನಿನ್ನ ಮಾತು ಕೇಳುತ್ತದೆ ಮಗಾ" ಎಂದರು. ಆ ಸೀಟು ನಿಜಕ್ಕೂ ಗಟ್ಟಿ.

ಚಕ್ರದ ವಿಷಯ ಒಂದು ಬಾಕಿ ಇತ್ತು. ಕಲ್ಲಿಗೆ ಬಡಿದಾಗ ಅಲಾಯ್ ಚಕ್ರ ಸೀಳಬಹುದು, ಸ್ಪೋಕಿನದು ಬಗ್ಗುತ್ತದೆ, ಬಗ್ಗಿದ್ದನ್ನು ನೇರ ಮಾಡಿಕೊಳ್ಳಬಹುದು. ಅದಕ್ಕೆ ಪ್ರತಿಯಾಗಿ ಟ್ಯೂಬಿನ ಟೈರು ಪಂಕ್ಚರ್ ಆದರೆ ಚಕ್ರವನ್ನೇ ಬಿಚ್ಚಬೇಕು. ಹಿಮಾಲಯನ್‌ಗೆ ಈಗ ಟ್ಯೂಬ್‌ಲೆಸ್ ಸ್ಪೋಕ್ ಚಕ್ರಗಳ ಆಯ್ಕೆ ಇದೆ, ಎಕ್ಸ್‌ಪಲ್ಸ್ 200ಕ್ಕೆ ಇಲ್ಲ. ಕರಾವಳಿಯಲ್ಲಿ ಇನ್ನೊಂದು ತೊಂದರೆಯೂ ಇದೆ: ಮಲ್ಪೆಯ ಕಡೆಯಿಂದ ಬೀಸುವ ಉಪ್ಪುಗಾಳಿಗೆ ಸ್ಪೋಕು ಮತ್ತು ಅದರ ನಿಪ್ಪಲ್ ತುಕ್ಕು ಹಿಡಿದು, ಬಿಗಿ ಮಾಡಲು ಹೊರಟಾಗ ಮುರಿಯುತ್ತವೆ. ಹೆಬ್ರಿಯಲ್ಲಿ ನಮಗೆ ಪರಿಚಯದ ಮೆಕ್ಯಾನಿಕ್ ಅಣ್ಣ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ನಿಪ್ಪಲಿಗೆ ತೆಳುವಾಗಿ ಎಣ್ಣೆ ಮುಟ್ಟಿಸಲು ಹೇಳಿದರು. ಅದನ್ನು ತಪ್ಪದೆ ಪಾಲಿಸುತ್ತಿದ್ದೇನೆ.

ನಾನು ಎಕ್ಸ್‌ಪಲ್ಸ್ 200 4ವಿ ತೆಗೆದುಕೊಂಡೆ. ಹೆದ್ದಾರಿಯಲ್ಲಿ ಎಪ್ಪತ್ತೈದರ ಸುತ್ತಮುತ್ತ ಎಡಬದಿಯಲ್ಲಿ ಹೋಗುತ್ತೇನೆ, ಮಂಗಳೂರಿಗೆ ತುಸು ಬೇಗ ಹೊರಡುತ್ತೇನೆ. ಎಂಜಿನ್ನಿನ ಅಡಿಯ ರಕ್ಷಣಾ ತಗಡು ಮತ್ತು ಕೈ ರಕ್ಷಕಗಳನ್ನು ಬಿಟ್ಟರೆ ಬೇರೇನನ್ನೂ ಸೇರಿಸಿಲ್ಲ. ಕಬ್ಬಿಣದ ಪೆಟ್ಟಿಗೆ, ಭಾರದ ಕ್ರ್ಯಾಶ್ ಗಾರ್ಡ್ ಹಾಕಿಸಿ ಅದನ್ನು ಹಿಮಾಲಯನ್‌ನ ತೂಕಕ್ಕೆ ತರುವುದಾದರೆ ಇಷ್ಟೆಲ್ಲ ನೋಡಬೇಕಾಗಿಯೇ ಇರಲಿಲ್ಲ. ಸೀಟಿನ ಕೆಳಗೆ ಟೈರ್ ಲಿವರ್, ಬ್ಯಾಗಿನಲ್ಲಿ ಒಂದು ಟ್ಯೂಬು ಮತ್ತು ಕೈಪಂಪು ಯಾವಾಗಲೂ ಇರುತ್ತವೆ. ಅಪ್ಪನ ಸೀಟಿಗೆ ಉಡುಪಿಯಲ್ಲೇ ಮೆತ್ತನೆಯ ಫೋಮು ಹಾಕಿಸಿ ಹೊಲಿಸಿದೆ. ಭಾವ ತಿಂಗಳಿಗೊಮ್ಮೆ ಚಾರ್ಮಾಡಿ ಹತ್ತಿ ಚಿಕ್ಕಮಗಳೂರಿನ ಕಡೆ ಹೋಗುವವರು. ಅವರ ಹಿಮಾಲಯನ್ ಅವರ ದಾರಿಗೆ ಸರಿಯಾಗಿಯೇ ಇದೆ.

2025ರಲ್ಲಿ ಎಕ್ಸ್‌ಪಲ್ಸ್ 210 ಬಂತು. ದ್ರವ ತಂಪಿನ ಎಂಜಿನ್, ಆರು ಗೇರು, 24.6 ಪಿಎಸ್, ಹೆದ್ದಾರಿಯಲ್ಲಿ ನನ್ನ ಬೈಕಿಗಿರುವ ಕೊರತೆಯನ್ನು ಅದು ಬಹುಮಟ್ಟಿಗೆ ತುಂಬುತ್ತದೆ. ಸೀಟು 830 ಮಿಲಿಮೀಟರ್, ತೂಕವೂ ಸ್ವಲ್ಪ ಹೆಚ್ಚು. ಈಗ ಕೊಳ್ಳುವವರು ಕಾಗದದ ಮೇಲೆ ಅದನ್ನೇ ಆರಿಸುವುದು ಸಹಜ. ಶೋರೂಮಿನ ಸಮತಟ್ಟು ನೆಲದಲ್ಲಿ ಕುಳಿತು ನೋಡುವುದರ ಜೊತೆಗೆ, ಹತ್ತಿರದಲ್ಲಿ ಒಂದು ಇಳಿಜಾರು ಹುಡುಕಿ, ಅದರ ನಡುವೆ ನಿಲ್ಲಿಸಿ, ಹಿಂದೆ ಕೂರುವವರನ್ನು ಹತ್ತಿಸಿಕೊಂಡು ಹೊರಟು ನೋಡಲಿ.