ಸ್ಲೈಮ್ ಕಲಸುವ ದಿನ ನೀರಿನ ಲೋಟ ಮಕ್ಕಳ ಕೈಯಲ್ಲಿರಲಿ

ಶಿಶುವಿಹಾರದಲ್ಲಿ ಮೂರು-ನಾಲ್ಕು ವರ್ಷದ ಮಕ್ಕಳಿಗೆ ನಾನು ಮಿಸ್. ಮೊಬೈಲಿನಲ್ಲಿ ನೋಡಿದ ಸ್ಲೈಮ್, ಅಂದರೆ ಜಗ್ಗಿ ಆಡುವ ಲೋಳೆಯಂಥ ಮುದ್ದೆ, ಬೇಕೆಂದು ಮಕ್ಕಳು ಕೇಳುತ್ತಲೇ ಇರುತ್ತಾರೆ. ಆ ಬಗೆಯದಕ್ಕೆ ಸಾಮಾನ್ಯವಾಗಿ ಅಂಟಿನ ಜೊತೆ ಬಿಳಿಗಾರ (ಬೋರಾಕ್ಸ್) ಹಾಕುತ್ತಾರೆ. ಅಂಟಿನೊಳಗಿನ ಉದ್ದುದ್ದ ಎಳೆಗಳನ್ನು ಬಿಳಿಗಾರ ಒಂದಕ್ಕೊಂದು ಬೆಸೆಯುವುದರಿಂದಲೇ ಅದು ಹಾಗೆ ಜಗ್ಗುವುದು. ಆದರೆ ಬಿಳಿಗಾರ ಕಣ್ಣಿಗೆ ಬಿದ್ದರೆ ಉರಿ, ಹೊಟ್ಟೆಗೆ ಹೋದರೆ ಅಪಾಯ. ಇನ್ನೂ ಬೆರಳು ಚೀಪುವ ಮಕ್ಕಳಿರುವ ಕಡೆ ಅದು ಬೇಡವೇ ಬೇಡ.

ನಮ್ಮಲ್ಲಿ ಕಾರ್ನ್‌ಫ್ಲೋರ್, ನೀರು, ಅಷ್ಟೇ. ಎರಡು ಲೋಟ ಹಿಟ್ಟಿಗೆ ಹೆಚ್ಚುಕಡಿಮೆ ಒಂದು ಲೋಟ ನೀರು. ಬಿಳಿಯ ನುಣುಪು ಪುಡಿಯೇ ಆಗಬೇಕು. ರೊಟ್ಟಿಗೆ ಬೀಸಿದ ಹಳದಿ ಮೆಕ್ಕೆಜೋಳದ ಹಿಟ್ಟು ನಡೆಯುವುದಿಲ್ಲ. ಬಣ್ಣಕ್ಕೆ ಬೀಟ್‌ರೂಟ್ ರಸ ಸಾಕು. ಅರಿಸಿನದ ಕಲೆ ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ.

ಹೊಸದಾಗಿ ಬಂದ ಶಿಕ್ಷಕಿಯರಿಗೆ ನಾನು ಒತ್ತಿ ಹೇಳುವುದು ಇಷ್ಟೇ: ಕಲಸಿಟ್ಟು ಕೊಡಬೇಡಿ. ಪರಾತದಲ್ಲಿ ಹಿಟ್ಟು ಹಾಕಿ, ನೀರಿನ ಪುಟ್ಟ ಲೋಟ ಮಕ್ಕಳಿಗೇ ಕೊಡಿ. ಒಬ್ಬರು ಒಮ್ಮೆಲೇ ಸುರಿದುಬಿಡುತ್ತಾರೆ, ತೆಳುವಾಗುತ್ತದೆ. ಆಗ ಬಾಯಿ ಹಾಕದೆ ಸುಮ್ಮನಿರುವುದೇ ನಮ್ಮ ಕೆಲಸದ ಕಷ್ಟದ ಭಾಗ. ಸ್ವಲ್ಪ ಹೊತ್ತು ಬಿಟ್ಟರೆ "ಮಿಸ್, ಇನ್ನೂ ಹಿಟ್ಟು ಕೊಡಿ" ಎಂದು ಅವರೇ ಕೇಳುತ್ತಾರೆ. ಎಷ್ಟು ಬೇಕೆಂದು ಕೈಗೆ ಗೊತ್ತಾಗಿದೆ ಎಂದರ್ಥ. ಹದವಾದ ಮೇಲಂತೂ ನೋಡಬೇಕು! ಮುಷ್ಟಿ ಬಿಗಿದರೆ ಉಂಡೆ, ಅಂಗೈ ಬಿಡಿಸಿದರೆ ಬೆರಳ ಸಂದಿಯಿಂದ ಜಾರಿ ಹೋಗುತ್ತದೆ. ಹಿಟ್ಟಿನ ಕಣಗಳು ತಣ್ಣೀರಿನಲ್ಲಿ ಕರಗುವುದಿಲ್ಲ, ತೇಲುತ್ತಿರುತ್ತವೆ. ಜೋರಾಗಿ ಅದುಮಿದಾಗ ನಡುವಿನ ನೀರು ಸರಿದು ಕಣಗಳು ಒತ್ತೊತ್ತಾಗಿ ನಿಂತುಬಿಡುತ್ತವೆ. ಮಕ್ಕಳಿಗೆ ಇದನ್ನೆಲ್ಲ ವಿವರಿಸಲು ಹೋಗುವುದಿಲ್ಲ. "ಗುದ್ದಿ ನೋಡು, ಈಗ ಮೆಲ್ಲಗೆ ಬೆರಳಿಡು" ಅನ್ನುತ್ತೇನೆ.

ಅಂಟಂಟು ಕಂಡರೆ ಹಿಂಜರಿಯುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಅದರ ಕೈ ಹಿಡಿದು ಅದ್ದಿಸುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಒಂದು ಚಮಚ ಕೊಟ್ಟರೆ ಸಾಕು, ಅದೂ ಆಟದಲ್ಲಿದ್ದಂತೆಯೇ.

ಗಲೀಜಿಗೆ ಹೆದರಿ ಇದನ್ನು ಬಿಡಬೇಡಿ, ಮೊದಲೇ ಹಳೆಯ ಬೆಡ್‌ಶೀಟ್ ಹಾಸಿ. ಚೆಲ್ಲಿದ್ದು ಒಣಗಿದರೆ ಪುಡಿಯಾಗುತ್ತದೆ, ಗುಡಿಸಿದರಾಯಿತು. ಉಳಿದದ್ದನ್ನು ಸಿಂಕಿಗೆ ಸುರಿಯಬಾರದು, ಕೆಳಗಿಳಿದು ಪೈಪ್ ಕಟ್ಟಿಕೊಳ್ಳುತ್ತದೆ. ಕಸದ ಬುಟ್ಟಿಗೆ ಹಾಕಿ. ಮಕ್ಕಳ ಕೈ ತೊಳೆಸಲು ಬಕೆಟ್ ನೀರು ಪಕ್ಕದಲ್ಲೇ ಇರಲಿ. ಮತ್ತೆ, ಗುಡಿಸುವ ಕೆಲಸವನ್ನು ಆಯಮ್ಮನ ಮೇಲೆ ಹೊರಿಸಬೇಡಿ. ಹರಡಿದವರು ನಾವು, ಮಕ್ಕಳ ಕೈಗೂ ಒಂದೊಂದು ಬಟ್ಟೆ ಕೊಟ್ಟು ಒರೆಸೋಣ.