ಕೈ ಆಮೇಲೆ, ಮೊದಲು ಹಿಮ್ಮಡಿ

ನಿಧಾನ ಚಲನೆಯ ಚೀನೀ ವ್ಯಾಯಾಮಕಲೆ ತಾಯ್ ಚಿ ಕಲಿಯಲು ಬಂದವರ ಕಣ್ಣು ಮೊದಲು ಹೋಗುವುದು ಕೈಗೆ. ಕಲಿಸುವವರೂ ಅಲ್ಲಿಂದಲೇ ಶುರು ಮಾಡಿಬಿಟ್ಟರೆ ಸ್ವಲ್ಪ ದಿನಕ್ಕೆ ಮಂಡಿನೋವಿನ ದೂರು ಶುರುವಾಗುತ್ತದೆ. 'ಬ್ರಷ್ ನೀ', ಅಂದರೆ ಮಂಡಿ ಸವರುವ ಭಂಗಿಯನ್ನೇ ನೋಡಿ. 1956ರಲ್ಲಿ ಚೀನಾದಲ್ಲಿ ರೂಪಿಸಿದ 24 ಭಂಗಿಗಳ ಸರಣಿಯಲ್ಲಿ ಇದು ನಾಲ್ಕನೆಯದು. ಎಡ, ಬಲ, ಎಡ ಎಂದು ಮೂರು ಸಲ ಬರುತ್ತದೆ. ಒಂದು ಕೈ ಮಂಡಿಯ ಮುಂದೆ ಸವರಿಕೊಂಡು ತೊಡೆಯ ಪಕ್ಕಕ್ಕೆ, ಇನ್ನೊಂದು ಕಿವಿಯ ಪಕ್ಕದಿಂದ ಮುಂದಕ್ಕೆ. ಮಿಕ್ಕಿದ್ದೆಲ್ಲ ಕಾಲಿನ ಕೆಲಸ.

ಎರಡು ಹಿಮ್ಮಡಿಗಳ ನಡುವೆ ಅಡ್ಡಗಲ ಸುಮಾರು 30 ಸೆಂಟಿಮೀಟರ್ ಇರಬೇಕು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಇದಕ್ಕೆ ಅಳತೆಪಟ್ಟಿ ನೆಲದಲ್ಲೇ ಇದೆ: ಎರಡಡಿ ಚೌಕದ ವಿಟ್ರಿಫೈಡ್ ಟೈಲ್. ಬಲ ಹಿಮ್ಮಡಿ ಗೆರೆಯ ಮೇಲಿದ್ದರೆ ಎಡ ಹಿಮ್ಮಡಿ ಪಕ್ಕದ ಸಾಲಿನ ಟೈಲಿನ ನಟ್ಟನಡುವಿಗೆ, ಒಂದು ಹೆಜ್ಜೆ ಮುಂದೆ. ಹೊಸಬರು ಎರಡನ್ನೂ ಒಂದೇ ಗೆರೆಯ ಮೇಲೆ ಇಡುತ್ತಾರೆ, ಹಗ್ಗದ ಮೇಲೆ ನಡೆದ ಹಾಗೆ. ಮೈ ಓಲಾಡುತ್ತದೆ, ಬೀಳದಿರಲು ಭುಜ ಬಿಗಿಯುತ್ತದೆ. ಆಗ "ಭುಜ ಸಡಿಲ ಬಿಡಿ" ಅಂತ ಎಷ್ಟು ಹೇಳಿದರೂ ಅವರಿಂದಾಗದು.

ತೂಕ ಪೂರ್ತಿ ಬಲಗಾಲಿನ ಮೇಲಿರುವಾಗಲೇ ಎಡ ಹಿಮ್ಮಡಿ ನೆಲ ಮುಟ್ಟಬೇಕು. ಮುಟ್ಟಿದ ಕ್ಷಣ "ಹಾಗೇ ನಿಲ್ಲಿ, ಕಾಲು ವಾಪಸ್ ತಗೊಳ್ಳಿ" ಅನ್ನಿ. ಮೈ ಅಲುಗದೆ ತೆಗೆದರೆ ಹೆಜ್ಜೆ ಸರಿ, ಎಳೆದುಕೊಳ್ಳಬೇಕಾದರೆ ಉದ್ದವಾಯಿತು. ವೀರಭದ್ರಾಸನ ಚೆನ್ನಾಗಿ ಬರುವವರೇ ಇಲ್ಲಿ ಹೆಚ್ಚು ಸಿಕ್ಕಿಬೀಳುವುದು. ಅವರ ಕಾಲಿಗೆ ಉದ್ದ ಹೆಜ್ಜೆಯೇ ರೂಢಿ.

ಆಮೇಲೆ ಪಾದ ಪೂರ್ತಿ ಊರಿ, ಮಂಡಿ ಮಡಿಸುತ್ತಾ ತೂಕ ಮುಂದಕ್ಕೆ: ಮುಂದಿನ ಕಾಲಿಗೆ ಸುಮಾರು 70 ಪಾಲು, ಹಿಂದಿನದಕ್ಕೆ 30. ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕಿರಬೇಕು, ತುದಿ ದಾಟಬಾರದು. ಅದು ಒಳಕ್ಕೆ ವಾಲುತ್ತಿದ್ದರೆ ಹಿಂದಿನ ಪಾದವನ್ನು ಒಮ್ಮೆ ನೋಡಿ. 45ರಿಂದ 60 ಡಿಗ್ರಿ ಓರೆ ಇರಬೇಕಾದ್ದು 90ಕ್ಕೆ ಹೊರಳಿರುತ್ತದೆ. ಹಾಗಿದ್ದಾಗ ಸೊಂಟ ಮುಂದಕ್ಕೆ ತಿರುಗಲಾರದು. ಬಲವಂತ ಮಾಡಿದರೆ ಆ ತಿರುಚೆಲ್ಲ ಮಂಡಿಗೆ ಬರುತ್ತದೆ. ಮಂಡಿ ಹೆಚ್ಚುಕಮ್ಮಿ ಬಾಗಿಲ ಬಿಜಾಗರಿ ಇದ್ದ ಹಾಗೆ, ಮಡಿಸಿ ಬಿಡಿಸುವುದಕ್ಕೆ ಇರುವುದು.

ಮುಂದಿನ ಹೆಜ್ಜೆಗೆ ಹೋಗುವಾಗ ಇನ್ನೊಂದು ಅಪಾಯ: ಭಾರ ಹೊತ್ತ ಪಾದವನ್ನೇ ನೆಲಕ್ಕೆ ಉಜ್ಜಿ ತಿರುಗಿಸುವುದು. ಗಟ್ಟಿ ಹಿಡಿತದ ರನ್ನಿಂಗ್ ಶೂ ಇದ್ದರಂತೂ ಪಾದ ಅಲ್ಲೇ ಅಂಟಿ ಮಂಡಿ ಮಾತ್ರ ತಿರುಗುತ್ತದೆ. ಮೊದಲು ಹಿಂದಕ್ಕೆ ಕೂತು ತೂಕ ಇಳಿಸಿ, ಬೆರಳು ಎತ್ತಿ, ಹೊರಕ್ಕೆ ಓರೆ ಮಾಡಿ, ಆಮೇಲೆ ಭಾರ ಹಾಕಿ. ಲಾಲ್‌ಬಾಗಿನ ಬಂಡೆ ಮೇಲೆ ಫೋಟೋ ಚೆನ್ನಾಗಿ ಬರುತ್ತದೆ ನಿಜ, ಆದರೆ ಇಳಿಜಾರಿನಲ್ಲಿ ಇದನ್ನು ಕಲಿಸಬೇಡಿ.

ಇಷ್ಟು ಕೂತಮೇಲೆ ಕೈ. ತಳ್ಳುವ ಕೈಯ ಬೆರಳ ತುದಿ ಮೂಗಿನ ಮಟ್ಟಕ್ಕೆ, ಮೊಣಕೈ ಕೆಳಕ್ಕೆ ಜೋತಿರಲಿ, ತೋಳು ಪೂರ್ತಿ ನೆಟ್ಟಗಾಗುವುದು ಬೇಡ. ತಳ್ಳುವುದೂ ಮಂಡಿ ಬಾಗುವುದೂ ಒಟ್ಟಿಗೆ ಮುಗಿಯಬೇಕು.

ಎದುರು ನಿಂತು ತೋರಿಸಿದರೆ ಎಡಬಲ ಅದಲುಬದಲಾಗುತ್ತದೆ, ಬೆನ್ನು ಕೊಟ್ಟು ನಿಲ್ಲಿ. ಹಾಗೇ, ಆ ಹೊಳೆಯುವ ದೊಗಳೆ ಪ್ಯಾಂಟು ಪ್ರದರ್ಶನಕ್ಕಿರಲಿ. ಅದರೊಳಗೆ ನಿಮ್ಮ ಮಂಡಿ ಎಲ್ಲಿದೆ ಅಂತ ಹಿಂದಿನ ಸಾಲಿಗೆ ಕಾಣುವುದೇ ಇಲ್ಲ. ಹೆಜ್ಜೆ ಕಲಿಸುವ ದಿನ ಶಾರ್ಟ್ಸ್ ಹಾಕಿಕೊಳ್ಳಿ.